ಸಂಗಪ್ಪ ಎಂಬ ಹೆಸರು

(ಜಾತ್ರಾ ಮಹೋತ್ಸವದ ಧರ್ಮಸಭೆಯಲ್ಲಿ ನೀಡಿದ ಉಪನ್ಯಾಸದ ಪಾಠ)

 

ಜಹೀರಾಬಾದ, ನಾರಾಯಣಖೇಡ, ತಾಂಡೂರು ಈ ಮೂರು ಸೀಮೆಗಳ ಯಾವ ಹಳ್ಳಿಯ ಅಗಸಿಯಲ್ಲಿ ನಿಂತು ‘ಸಂಗಪ್ಪಾ’ ಎಂದು ಕೂಗಿದರೂ ಒಬ್ಬರಾದರೂ ತಿರುಗಿ ನೋಡುತ್ತಾರೆ. ಕೆಲವು ಊರುಗಳಲ್ಲಿ ನಾಲ್ವರು ನೋಡುವುದೂ ಉಂಟು. ಸಂಗಪ್ಪ, ಸಂಗಣ್ಣ, ಸಂಗಯ್ಯ, ಸಂಗು, ಸಂಗ್ಯಾ ಇವೆಲ್ಲವೂ ಸಂಗಮೇಶ್ವರ ಎಂಬ ಒಂದೇ ದೇವರ ಹೆಸರಿನ ಕಿರುರೂಪಗಳು. ಇಷ್ಟು ಬಳಕೆಯ ಹೆಸರಿನ ಅರ್ಥವೇನು, ಅದನ್ನು ಹೀಗೇಕೆ ಮೊಟಕು ಮಾಡಿದರು, ಮೊಟಕು ಮಾಡಿದ ಮೇಲೆ ಅದರಲ್ಲಿ ಉಳಿದದ್ದೇನು ಎಂಬುದನ್ನು ಯಾರೂ ಕೇಳುವುದಿಲ್ಲ. ಮನೆಯ ಹೊಸ್ತಿಲನ್ನು ದಿನವೂ ದಾಟುವವರು ಅದು ಯಾವ ಕಟ್ಟಿಗೆಯದೆಂದು ಕೇಳುವುದಿಲ್ಲ, ಹಾಗೆಯೇ ಇದು.

ಸಂಗಮ ಎಂದರೆ ಕೂಡಿ ಹರಿಯುವುದು. ಎರಡು ನೀರು ಸೇರುವ ಸ್ಥಳ. ಅಂಥ ಸ್ಥಳದಲ್ಲಿ ನೆಲೆಸಿದ ಈಶ್ವರನೇ ಸಂಗಮೇಶ್ವರ. ಈ ಭಾಗದ ಭಕ್ತರಿಗೆ ಈ ಹೆಸರು ಕೇಳಿದೊಡನೆ ನೆನಪಾಗುವುದು ಜಹೀರಾಬಾದಿಗೆ ಸಮೀಪದ ಝರಾಸಂಗಮದ ಕೇತಕೀ ಸಂಗಮೇಶ್ವರ. ಅಲ್ಲಿಯ ಅಮೃತಗುಂಡದ ನೀರು, ಶಿವರಾತ್ರಿಯ ಜಾತ್ರೆ, ತೆಲಂಗಾಣ, ಕರ್ನಾಟಕ, ಮಹಾರಾಷ್ಟ್ರ ಮೂರೂ ಕಡೆಯಿಂದ ಬರುವ ಜನಸಾಗರ ಎಲ್ಲರಿಗೂ ವಿದಿತವೇ ಇದೆ. ಶಿವನ ಪೂಜೆಗೆ ಕೇದಗೆ ಹೂವು ಸಲ್ಲದು ಎಂಬುದು ಉಳಿದೆಡೆಯ ನಿಯಮ. ಬ್ರಹ್ಮನ ಪರವಾಗಿ ಸುಳ್ಳು ಸಾಕ್ಷಿ ನುಡಿದ ಆ ಹೂವನ್ನು ಶಿವನು ದೂರ ಮಾಡಿದನೆಂದು ಪುರಾಣ. ಝರಾಸಂಗಮದಲ್ಲಿ ಮಾತ್ರ ಆ ಹೂವಿಗೇ ದೇವರ ಹೆಸರಿನಲ್ಲಿ ಮೊದಲ ಸ್ಥಾನ. ಹೊರಗೆ ಹಾಕಿದ್ದನ್ನು ಒಳಗೆ ಕರೆದುಕೊಂಡ ದೇವರು ಇವನು. ಸಂತಾನವಿಲ್ಲದವರು ಹರಕೆ ಹೊತ್ತು, ಮಗು ಹುಟ್ಟಿದ ಮೇಲೆ ಜವಳ ತೆಗೆಸಿ, ಸಂಗಮೇಶ್ವರನೆಂದು ಹೆಸರಿಟ್ಟು ಮನೆಗೆ ಕರೆತರುತ್ತಾರೆ. ತೊಟ್ಟಿಲಿನಲ್ಲಿ ಸಂಗಮೇಶ್ವರ, ಊರೊಳಗೆ ಕಾಲಿಟ್ಟ ಕೂಡಲೇ ಸಂಗಪ್ಪ.

ಸಂಗಮೇಶ್ವರರು ಬೇರೆಡೆಯೂ ಇದ್ದಾರೆ. ಕೃಷ್ಣೆ ಮಲಪ್ರಭೆಯರು ಸೇರುವ ಕೂಡಲಸಂಗಮ, ಬಸವಣ್ಣನವರು ವಿದ್ಯೆ ಕಲಿತ, ಕೊನೆಗೆ ಐಕ್ಯರಾದ ಕ್ಷೇತ್ರ. ಕೃಷ್ಣೆ ತುಂಗಭದ್ರೆಯರು ಸೇರುವ ಕೂಡವೆಲ್ಲಿಯ ಸಂಗಮೇಶ್ವರ ದೇವಾಲಯವು ಶ್ರೀಶೈಲದ ಜಲಾಶಯದಲ್ಲಿ ಮುಳುಗಬೇಕಾಗಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಕಟ್ಟಿದರು. ನದಿಗಳು ಅಲ್ಲಿಯೇ ಉಳಿದವು, ದೇವರು ಹೆಸರಿನೊಂದಿಗೆ ಮೇಲೆ ಬಂದನು. ಜನರ ಹೆಸರಿನ ಕಥೆಯೂ ಇದಕ್ಕಿಂತ ಬೇರೆಯಲ್ಲ. ಹತ್ತಿರದಲ್ಲಿ ನದಿಯಿಲ್ಲದ ಊರಿನಲ್ಲಿಯೂ ಸಂಗಪ್ಪ ಇದ್ದಾನೆ.

ಈಗ ಮೊಟಕು ಮಾಡುವ ಬಗೆಯನ್ನು ನೋಡಬೇಕು. ಕನ್ನಡಿಗರು ಹೆಸರನ್ನು ಕಡಿಯುವಾಗ ಮೊದಲಿನ ಎರಡಕ್ಷರವನ್ನು ಉಳಿಸಿಕೊಳ್ಳುತ್ತಾರೆ. ಮಲ್ಲಿಕಾರ್ಜುನನಲ್ಲಿ ‘ಮಲ್ಲ’, ಸಿದ್ಧರಾಮನಲ್ಲಿ ‘ಸಿದ್ಧ’, ಚೆನ್ನಬಸವನಲ್ಲಿ ‘ಚೆನ್ನ’, ತಾಂಡೂರಿನ ಭಾವಿಗಿ ಭದ್ರೇಶ್ವರನಲ್ಲಿ ‘ಭದ್ರ’, ಸಂಗಮೇಶ್ವರನಲ್ಲಿ ‘ಸಂಗ’. ಹಾಗೆ ಉಳಿದ ತುಂಡನ್ನು ಬರಿದೇ ಬಿಡುವುದಿಲ್ಲ. ಅದಕ್ಕೆ ಅಪ್ಪ, ಅಣ್ಣ, ಅಯ್ಯ ಎಂಬ ಮೂರು ನಂಟಿನ ಮಾತುಗಳಲ್ಲಿ ಒಂದನ್ನು ಹಚ್ಚುತ್ತಾರೆ. ಮಲ್ಲಪ್ಪ, ಸಿದ್ಧಣ್ಣ, ಚೆನ್ನಯ್ಯ, ಭದ್ರಪ್ಪ, ಸಂಗಪ್ಪ. ದೇವರ ಹೆಸರಿನ ಅರ್ಧ, ಮನೆಯ ನಂಟಿನ ಅರ್ಧ ಸೇರಿ ಒಂದು ಹೆಸರಾಗುತ್ತದೆ. ಈಶ್ವರ ಎಂಬ ಪದ ಹೋದ ಜಾಗದಲ್ಲಿ ಅಪ್ಪ ಎಂಬ ಪದ ಬಂದು ಕೂತಿದೆ. ಇದು ನಷ್ಟವೆಂದು ಹೇಳುವವರು ಈಶ್ವರ ಶಬ್ದಕ್ಕೆ ಒಡೆಯ ಎಂಬ ಅರ್ಥವಿದೆಯೆಂಬುದನ್ನು ನೆನಪಿಡಬೇಕು. ಒಡೆಯನು ಹೋಗಿ ತಂದೆ ಬಂದನು, ಅಷ್ಟೇ.

ಮೂರು ವರ್ಷದ ಮಗುವನ್ನೂ ‘ಅಪ್ಪ’ ಎಂದು ಕರೆಯುವ ಭಾಷೆ ಇದು. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಪೀಠಾಧಿಪತಿಗಳನ್ನೂ ಭಕ್ತರು ‘ಅಪ್ಪ’ ಎಂದೇ ಕರೆಯುತ್ತಾರೆ. ಪೀಠದ ಮೇಲೆ ಕುಳಿತವರಿಗೂ ಅಂಗಳದಲ್ಲಿ ಅಂಬೆಗಾಲಿಡುವವನಿಗೂ ಒಂದೇ ಪದ. ಬಸವಣ್ಣನವರ ಆಪ್ತರಲ್ಲಿ ಒಬ್ಬರಾದ ಹಡಪದ ಅಪ್ಪಣ್ಣನವರ ಹೆಸರನ್ನು ಗಮನಿಸಬಹುದು. ಅದರಲ್ಲಿ ದೇವರ ಹೆಸರಿನ ತುಂಡು ಕೂಡ ಇಲ್ಲ. ಬರೀ ಅಪ್ಪ ಮತ್ತು ಅಣ್ಣ. ಎರಡು ನಂಟುಗಳೇ ಕೂಡಿ ಒಬ್ಬ ಮಹಾಶರಣರ ಹೆಸರಾಯಿತು.

ಹೆಸರನ್ನು ಹೀಗೆ ಕಡಿಯುವುದು ಅಜ್ಞಾನದಿಂದ, ಹಳ್ಳಿಯ ನಾಲಿಗೆ ಹೊರಳದೆ ಹುಟ್ಟಿದ್ದು ಎಂದು ಓದಿದವರಲ್ಲಿ ಒಂದು ಅಭಿಪ್ರಾಯವಿದೆ. ಅದು ಸರಿಯಲ್ಲ. ಮಾನವರ ಹೆಸರನ್ನು ಕಡಿಯುವುದಕ್ಕಿಂತ ಮೊದಲು ಭಕ್ತರು ದೇವರ ಹೆಸರನ್ನೇ ಕಡಿದರು. ಶ್ರೀಶೈಲಕ್ಕೆ ನಡೆದು ಹೋಗುವವರು ಮಲ್ಲಿಕಾರ್ಜುನನನ್ನು ‘ಮಲ್ಲಯ್ಯ’ ಎನ್ನುತ್ತಾರೆ. ಬೀದರ ಜಿಲ್ಲೆಯ ಖಾನಾಪುರದಲ್ಲಿ ಅವನು ಮೈಲಾರ ಮಲ್ಲಣ್ಣ. ಹುಮನಾಬಾದದ ವೀರಭದ್ರನು ಭಕ್ತರ ಬಾಯಲ್ಲಿ ವೀರಣ್ಣ. ವಿಠ್ಠಲನು ಇಟ್ಟಪ್ಪನಾದನು, ನರಸಿಂಹನು ನರಸಪ್ಪನಾದನು. ದೇವರ ಮುಂದೆ ಕುಳಿತ ಕಲ್ಲಿನ ನಂದಿಯೂ ಬಸವಣ್ಣನೇ. ವೃಷಭ ಎಂಬ ಸಂಸ್ಕೃತ ಶಬ್ದವೇ ಸವೆದು ಬಸವ ಆಯಿತೆಂಬುದು ನಿಘಂಟುಗಳು ಒಪ್ಪಿದ ಮಾತು.

ಇದಕ್ಕಿಂತ ದೊಡ್ಡ ಸಾಕ್ಷಿ ವಚನಗಳಲ್ಲಿಯೇ ಇದೆ. ಬಸವಣ್ಣನವರ ಅಂಕಿತ ಕೂಡಲಸಂಗಮದೇವ. ಅವರ ಧರ್ಮಪತ್ನಿ ನೀಲಾಂಬಿಕೆಯವರೂ ವಚನಗಳನ್ನು ರಚಿಸಿದರು. ಅವರು ಇಟ್ಟುಕೊಂಡ ಅಂಕಿತ ‘ಸಂಗಯ್ಯ’. ಕೂಡಲ ಇಲ್ಲ, ಸಂಗಮ ಇಲ್ಲ, ದೇವ ಇಲ್ಲ. ಸಂಗ ಮತ್ತು ಅಯ್ಯ ಮಾತ್ರ. ಹನ್ನೆರಡನೆಯ ಶತಮಾನದ ಒಬ್ಬ ಶರಣೆ ತನ್ನ ಆರಾಧ್ಯ ದೈವವನ್ನು ಈ ಊರುಗಳ ತಾಯಂದಿರು ಮಗನನ್ನು ಕರೆಯುವ ಹೆಸರಿನಿಂದಲೇ ಕರೆದಳು. ನಾಗಲಾಂಬಿಕೆಯವರ ಅಂಕಿತದಲ್ಲಿಯೂ ‘ಚೆನ್ನಸಂಗಯ್ಯ’ ಇದೆ. ಅಂದಮೇಲೆ ಸಂಗಯ್ಯ, ಸಂಗಪ್ಪ ಎಂಬುದು ಸಂಗಮೇಶ್ವರನ ಮುರುಕಲು ರೂಪವೆಂದು ತಿಳಿಯುವುದು ತಪ್ಪು. ಅದು ಎಂಟುನೂರು ವರ್ಷಗಳಿಗೂ ಮಿಕ್ಕಿ ಹಳೆಯದಾದ ಭಕ್ತಿಯ ರೂಪ. ಪೂರ್ಣ ಹೆಸರು ಪೂಜೆಗೆ, ಕಿರುಹೆಸರು ಸಲಿಗೆಗೆ. ದೇವರೊಡನೆ ಸಲಿಗೆ ಸಾಧ್ಯವೆಂಬುದನ್ನು ಶರಣರು ಹೆಸರಿನ ಮೂಲಕವೂ ತೋರಿಸಿದರು.

ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಸಂಗಮ ಎಂಬುದನ್ನು ಸಂಗ ಎಂದು ಕಡಿದಾಗ ಹೊಸ ಅರ್ಥವೊಂದು ತಾನಾಗಿ ಒಳಗೆ ಬಂತು. ಸಂಗ ಎಂದರೆ ಒಡನಾಟ. ಸತ್ಸಂಗ, ಶರಣರ ಸಂಗ ಎನ್ನುವಾಗಿನ ಸಂಗ. ಪಂಡಿತರ ಪ್ರಕಾರ ಇವೆರಡರ ಧಾತುಗಳು ಬೇರೆ ಬೇರೆ. ಒಂದು ಕೂಡಿ ಸಾಗುವುದರಿಂದ ಹುಟ್ಟಿದ್ದು, ಇನ್ನೊಂದು ಅಂಟಿಕೊಳ್ಳುವುದರಿಂದ. ಆದರೆ ಜನ ಧಾತುಪಾಠ ನೋಡಿ ಹೆಸರಿಡುವುದಿಲ್ಲ. ‘ಸಂಗನಬಸವ’ ಎಂಬ ಹೆಸರಿನಲ್ಲಿ ಎರಡೂ ಅರ್ಥಗಳು ಸುಖವಾಗಿ ಕೂಡಿವೆ: ಸಂಗಮದೇವನ ಬಸವ, ಸಂಗಕ್ಕೆ ಬಂದ ಬಸವ. ಈ ಹೆಸರಿನವರನ್ನು ಒಂದು ಮನೆಯಲ್ಲಿ ಸಂಗಪ್ಪ ಎಂದೂ ಇನ್ನೊಂದು ಮನೆಯಲ್ಲಿ ಬಸಪ್ಪ ಎಂದೂ ಕರೆಯುವರು. ತವರಿನವರು ಒಂದು ತುಂಡು ಇಟ್ಟುಕೊಂಡರೆ ಬೀಗರು ಇನ್ನೊಂದನ್ನು ಇಟ್ಟುಕೊಂಡರು ಎಂದು ನಗೆಯಾಡುವುದೂ ಉಂಟು.

ಇಲ್ಲಿಯವರೆಗೆ ಹೇಳಿದ್ದು ಹೆಸರಿನ ತಲೆಯ ವಿಚಾರ. ಇನ್ನು ಬಾಲದ ವಿಚಾರಕ್ಕೆ ಬಂದರೆ ಮಾತು ಅಷ್ಟು ಸುಲಭವಲ್ಲ.

ಸಂಗಪ್ಪನಿಗೆ ಒಬ್ಬ ತಮ್ಮನಿದ್ದಾನೆ. ಅವನೇ ಸಂಗ್ಯಾ. ಬಸ್ಯಾ, ಮಲ್ಯಾ, ಸಿದ್ಯಾ, ಶರಣ್ಯಾ ಇವರೆಲ್ಲ ಅದೇ ವಂಶದವರು. ಈ ‘ಯಾ’ಕಾರವು ತನ್ನಷ್ಟಕ್ಕೆ ಕೆಟ್ಟದ್ದಲ್ಲ. ತಾಯಿ ಮಗನನ್ನು ‘ಸಂಗ್ಯಾ, ಉಣ್ಣಾಕ ಬಾರೋ’ ಎಂದಾಗ ಅದರಲ್ಲಿ ಹಾಲಿದೆ. ಕೂಡಿ ಬೆಳೆದ ಗೆಳೆಯರು ಅರವತ್ತರಲ್ಲಿಯೂ ಒಬ್ಬರನ್ನೊಬ್ಬರು ಹಾಗೆಯೇ ಕರೆದುಕೊಂಡರೆ ಅದರಲ್ಲಿ ಬಾಲ್ಯವಿದೆ. ಬೆಳಗಾವಿ ಸೀಮೆಯಲ್ಲಿ ಹುಟ್ಟಿ ಇಡೀ ಉತ್ತರ ಕರ್ನಾಟಕವನ್ನು ಗೆದ್ದ ಸಣ್ಣಾಟದ ಹೆಸರೇ ‘ಸಂಗ್ಯಾ ಬಾಳ್ಯಾ’. ಆ ಎರಡು ಹೆಸರುಗಳನ್ನು ಸಂಗಮೇಶ್ವರ, ಬಾಳಪ್ಪ ಎಂದು ತಿದ್ದಿ ಬರೆದರೆ ಆಟವೇ ಸತ್ತುಹೋಗುತ್ತದೆ.

ಕೆಡುಕು ಇರುವುದು ಯಾರು ಯಾರನ್ನು ಹಾಗೆ ಕರೆಯುತ್ತಾರೆ ಎಂಬಲ್ಲಿ. ಉಳ್ಳವರ ಮನೆಯ ಮಗ ಚಿಕ್ಕಂದಿನಲ್ಲಿ ಸಂಗ್ಯಾ. ಲಗ್ನವಾಗುತ್ತಲೇ ಸಂಗಪ್ಪ. ಮೊಮ್ಮಕ್ಕಳಾದ ಮೇಲೆ ಸಂಗಪ್ಪ ಮುತ್ಯಾ. ಕಾಲಕಾಲಕ್ಕೆ ಅವನ ಹೆಸರು ಬೆಳೆಯುತ್ತದೆ. ಅದೇ ಊರಿನ ಅದೇ ಜಾತ್ರೆಯಲ್ಲಿ ಜವಳ ತೆಗೆಸಿಕೊಂಡು ಅದೇ ದೇವರ ಹೆಸರು ಪಡೆದ ಆಳುಮಗನ ಹೆಸರು ಮಾತ್ರ ಬೆಳೆಯುವುದಿಲ್ಲ. ತಲೆ ನೆರೆತ ಮೇಲೂ ಒಡೆಯನ ಮನೆಯ ಹತ್ತು ವರ್ಷದ ಹುಡುಗ ‘ಏ ಸಂಗ್ಯಾ, ದನಾ ಬಿಟ್ಟಿ ಏನೋ?’ ಎಂದು ಕೇಳುತ್ತಾನೆ. ಆ ಹಿರಿಯ ‘ಹೌದ್ರಿ ಧಣಿ’ ಎನ್ನುತ್ತಾನೆ. ಬಾಗಿಲಿಗೆ ಬಂದ ಬೀಗರನ್ನು ‘ಬರ್ರಿ ಸಂಗಪ್ಪೋರೆ, ಕುಂದರ್ರಿ’ ಎಂದು ಕರೆಯುವ ಬಾಯಿಯೂ ಅದೇ, ಹಿತ್ತಲಿನಲ್ಲಿ ನಿಂತವನನ್ನು ಸಂಗ್ಯಾ ಎನ್ನುವ ಬಾಯಿಯೂ ಅದೇ. ದೇವರೂ ಒಬ್ಬನೇ, ಎರಡಕ್ಷರವೂ ಒಂದೇ, ಬಾಲದ ಒಂದು ಅಕ್ಷರದಲ್ಲಿ ಒಬ್ಬನನ್ನು ಕಟ್ಟೆಯ ಮೇಲೆ ಕೂಡ್ರಿಸಿ ಇನ್ನೊಬ್ಬನನ್ನು ಕಟ್ಟೆಯ ಕೆಳಗೆ ನಿಲ್ಲಿಸಲಾಗುತ್ತದೆ. ಹಳೆಯ ಕಾಲದ ಮಾತು ಇದು ಎಂದು ಕೆಲವರು ಹೇಳಬಹುದು. ಪೂರ್ತಿ ಹಳೆಯದಾಗಿಲ್ಲ ಎಂಬುದು ಹಳ್ಳಿಯಲ್ಲಿ ಬಾಳುವ ಎಲ್ಲರಿಗೂ ಗೊತ್ತು.

ಶರಣರು ಕೈ ಹಾಕಿದ್ದು ಸರಿಯಾಗಿ ಈ ಅಕ್ಷರಕ್ಕೇ. ಒಬ್ಬರನ್ನು ಗೌರವದಿಂದ ಕರೆಯುವುದರಲ್ಲಿಯೇ ಮೇಲಿನ ಲೋಕವಿದೆ, ತುಚ್ಛವಾಗಿ ಕರೆಯುವುದರಲ್ಲಿಯೇ ಕೆಳಗಿನ ಲೋಕವಿದೆ ಎಂಬ ಅರ್ಥದ ಬಸವಣ್ಣನವರ ವಚನ ಎಲ್ಲರ ಬಾಯಲ್ಲಿಯೂ ಇದೆ. ಅದನ್ನು ಸಭೆಯಲ್ಲಿ ಹಾಡಿ ಮನೆಗೆ ಹೋಗಿ ಮರೆಯುವವರೂ ಇದ್ದಾರೆ. ಆದರೆ ಶರಣರು ಅದನ್ನು ನಡೆಸಿ ತೋರಿಸಿದ ಪುರಾವೆ ಅವರ ಹೆಸರಿನ ಪಟ್ಟಿಯಲ್ಲಿಯೇ ಇದೆ: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ. ಹೆಸರಿನ ಮುಂದೆ ಕಾಯಕ, ಹೆಸರಿನ ಕೊನೆಗೆ ಅಯ್ಯ. ಲೋಕವು ಮುಂದಿನ ಮಾತನ್ನು ಕೇಳಿ ಕೀಳೆಂದು ಎಣಿಸುವ ಮೊದಲೇ ಹಿಂದಿನ ಮಾತು ಬಂದು ಎತ್ತಿ ಹಿಡಿಯುತ್ತದೆ. ಕಾಯಕವನ್ನು ಮುಚ್ಚಿಡಲಿಲ್ಲ, ಅಯ್ಯ ಎಂಬುದನ್ನು ಬಿಟ್ಟುಕೊಡಲಿಲ್ಲ.

ಸಮಗಾರ ಹರಳಯ್ಯನವರ ಕಥೆ ಇದೇ ಮಾತಿಗೆ ಸೇರಿದ್ದು. ಕಲ್ಯಾಣದ ಬೀದಿಯಲ್ಲಿ ಹರಳಯ್ಯನವರು ಬಸವಣ್ಣನವರಿಗೆ ‘ಶರಣು’ ಎಂದರಂತೆ. ಬಸವಣ್ಣನವರು ಮರುನುಡಿಯಾಗಿ ‘ಶರಣು ಶರಣಾರ್ಥಿ’ ಎಂದರಂತೆ. ತಾನು ಒಂದು ಶರಣು ಹೇಳಿದ್ದಕ್ಕೆ ಎರಡು ಬಂದುವಲ್ಲ, ಹೆಚ್ಚಿನ ಒಂದರ ಋಣವನ್ನು ತೀರಿಸುವುದು ಹೇಗೆಂದು ಹರಳಯ್ಯನವರು ಕುಗ್ಗಿದರು. ಕೊನೆಗೆ ದಂಪತಿಗಳಿಬ್ಬರೂ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಒಯ್ದರೆಂದು ಕಥೆ ಹೇಳುತ್ತದೆ. ಇದನ್ನು ಹರಳಯ್ಯನವರ ಭಕ್ತಿಯ ಕಥೆಯೆಂದು ಎಲ್ಲರೂ ಹೇಳುತ್ತಾರೆ. ಅದು ನಿಜ. ಅದರೊಳಗೆ ಇನ್ನೊಂದು ನೋವೂ ಇದೆ. ಒಂದು ಗೌರವದ ಮಾತು ಕಿವಿಗೆ ಬಿದ್ದರೆ ತೊಡೆಯ ಚರ್ಮ ಕೊಟ್ಟರೂ ತೀರದು ಎನ್ನಿಸಬೇಕಾದರೆ, ಅದಕ್ಕೂ ಮೊದಲು ಆ ಕಿವಿಗೆ ಬಿದ್ದ ಮಾತುಗಳು ಎಂಥವಿದ್ದವು? ಕಲ್ಯಾಣ ದೂರದ ಊರಲ್ಲ. ಜಹೀರಾಬಾದಿನಿಂದ ಹುಮನಾಬಾದ ದಾಟಿ ಅದೇ ಹೆದ್ದಾರಿ ಹಿಡಿದು ಹೋದರೆ ಬಸವಕಲ್ಯಾಣದ ದಾರಿ ಸಿಗುತ್ತದೆ.

ಮನೆಯೊಳಗೆ ಹೆಣ್ಣುಮಕ್ಕಳ ಬಾಯಲ್ಲಿ ಈ ಹೆಸರಿನ ಪಾಡೇ ಬೇರೆ. ಮುತ್ಯಾನ ಹೆಸರನ್ನು ಮೊಮ್ಮಗನಿಗಿಡುವುದು ಈ ಭಾಗದ ಪದ್ಧತಿ. ಮಾವನ ಹೆಸರನ್ನು ಸೊಸೆ ಎತ್ತಬಾರದೆಂಬುದೂ ಪದ್ಧತಿಯೇ. ಮಾವ ಸಂಗಪ್ಪ, ಹೊಟ್ಟೆಯಲ್ಲಿ ಹುಟ್ಟಿದವನೂ ಸಂಗಪ್ಪ. ತಾಯಿ ಮಗನನ್ನು ಏನೆಂದು ಕರೆಯಬೇಕು? ‘ಅಪ್ಪು’ ಎಂದಳು, ‘ಮುತ್ಯಾ’ ಎಂದಳು. ಹಾಗೆ ಹಾಲು ಕುಡಿಯುವ ಕೂಸುಗಳೆಲ್ಲ ಮುತ್ಯಾಗಳಾದವು. ಗಂಡನ ಹೆಸರನ್ನು ಹೇಳಲು ಆಕೆಗೆ ದೊರೆತ ಸಂದರ್ಭ ಮದುವೆಯ ಒಡಪು ಮಾತ್ರ. ಅಲ್ಲಿ ನೆರೆದ ಹೆಂಗಸರು ಅರ್ಧ ಹೆಸರನ್ನು ಒಪ್ಪುವುದಿಲ್ಲ. ‘ಸಂಗಪ್ಪ ಅಂದ್ರ ನಡ್ಯಂಗಿಲ್ಲ, ಪೂರಾ ಹೇಳಬೇಕು’ ಎಂದು ಪಟ್ಟು ಹಿಡಿಯುತ್ತಾರೆ. ಹೊಸ ಮದುಮಗಳು ಸಂಗಮೇಶ್ವರ ಎಂಬ ಐದಕ್ಷರವನ್ನು ಪ್ರಾಸದಲ್ಲಿ ಕೂಡಿಸಿ ಹೇಳಿ ಮುಖ ಮುಚ್ಚಿಕೊಳ್ಳುತ್ತಾಳೆ. ಗಂಡನ ಪೂರ್ತಿ ಹೆಸರು ಆಕೆಯ ಬಾಯಲ್ಲಿ ಬಂದದ್ದು ಅದೊಂದೇ ಸಲ ಎನ್ನುವ ಮುದುಕಿಯರು ಈಗಲೂ ಇದ್ದಾರೆ.

ಗಡಿನಾಡಿನ ಹೆಸರಿಗೆ ಇತಿಹಾಸದ ಪೆಟ್ಟುಗಳೂ ಬಿದ್ದಿವೆ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಒಡೆದಾಗ ಬೀದರ ಜಿಲ್ಲೆಯ ನಾರಾಯಣಖೇಡ ತಾಲೂಕು, ನಿರ್ಣಾ ವೃತ್ತವೊಂದನ್ನು ಬಿಟ್ಟು ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ, ಗುಲಬರ್ಗಾ ಜಿಲ್ಲೆಯ ತಾಂಡೂರು ಮತ್ತು ಕೊಡಂಗಲ್ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. 2014ರಲ್ಲಿ ತೆಲಂಗಾಣವಾಯಿತು. 2016ರಲ್ಲಿ ಜಹೀರಾಬಾದ, ನಾರಾಯಣಖೇಡಗಳು ಸಂಗಾರೆಡ್ಡಿ ಜಿಲ್ಲೆಗೂ ತಾಂಡೂರು ವಿಕಾರಾಬಾದ ಜಿಲ್ಲೆಗೂ ಬಂದವು. ಒಂದು ಜೀವಮಾನದಲ್ಲಿ ಒಬ್ಬನೇ ಸಂಗಪ್ಪ ಕುಳಿತಲ್ಲಿಯೇ ಕುಳಿತು ಮೂರು ರಾಜ್ಯಗಳ ಪ್ರಜೆಯಾದನು. ಹೆಸರು ಮಾತ್ರ ಬದಲಾಗಲಿಲ್ಲ.

ಆದರೆ ಅದನ್ನು ಬರೆಯುವ ಕೈಗಳು ಬದಲಾದವು. ನಿಜಾಮರ ಕಾಲದ ಕಾಗದಪತ್ರಗಳಲ್ಲಿ ಅವನು ಉರ್ದು ಲಿಪಿಯ ‘ಸಂಗಪ್ಪ ವಲದ್ ಶರಣಪ್ಪ’. ಉರ್ದುವಿನಲ್ಲಿ ‘ಸಂಗ್’ ಎಂದರೆ ಕಲ್ಲು. ತಾಂಡೂರಿನ ಫರ್ಶಿ ಕಲ್ಲಿನ ಗಣಿಗಳ ನಡುವೆ ಬದುಕುವವನಿಗೆ, ಅದರಲ್ಲಿಯೂ ಲಿಂಗಪೂಜೆ ಮಾಡುವವನಿಗೆ, ಆ ಅರ್ಥವೂ ತೀರಾ ಹೊರಗಿನದೇನಲ್ಲ. ಭಾಲ್ಕಿಯ ಪೂಜ್ಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದರೆಂಬುದನ್ನು ಇಡೀ ಸೀಮೆ ನೆನೆಯುತ್ತದೆ. ಹೆಸರಿನ ಸ್ಥಿತಿಯೂ ಹಾಗೆಯೇ ಇತ್ತು: ಕಾಗದದಲ್ಲಿ ಉರ್ದು, ಕರೆಯುವುದರಲ್ಲಿ ಕನ್ನಡ. ಮುಂದೆ ತೆಲುಗು ಬಂತು. ತೆಲುಗು ನೆರೆಯವರು ನರಸಿಂಹನನ್ನು ನರ್ಸಿಂಲು, ಮಲ್ಲೇಶನನ್ನು ಮಲ್ಲೇಶಂ ಎಂದು ತಮ್ಮ ಬಗೆಯಲ್ಲಿ ಕರೆದುಕೊಂಡರು. ಸಂಗಪ್ಪ, ಸಂಗಯ್ಯ ಎಂಬುವು ಎರಡೂ ಭಾಷೆಗೆ ಒಗ್ಗಿದ ಹೆಸರುಗಳಾದ್ದರಿಂದ ಹೆಚ್ಚು ಗಾಯವಾಗದೆ ಉಳಿದವು. ಎರಡು ಲಿಪಿಗಳೂ ಒಡಹುಟ್ಟಿದವು, ಬರೆದರೂ ಹೆಚ್ಚು ಕಡಿಮೆ ಒಂದೇ ತೆರನಾಗಿ ಕಾಣುತ್ತದೆ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬಸವಪುರಾಣ ಬರೆದನು, ಭೀಮಕವಿ 1369ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಶರಣರ ಹೆಸರುಗಳು ಆ ದಾರಿಯಲ್ಲಿ ಮೊದಲಿನಿಂದಲೂ ಓಡಾಡಿಕೊಂಡಿವೆ.

ನಿಜವಾದ ತೊಡಕು ಬಂದಿರುವುದು ಈಚೆಗೆ. ಶಾಲೆಗೆ ಹಚ್ಚುವಾಗ ಗುರುಗಳು ಕೇಳಿದ್ದಕ್ಕೆ ತಂದೆ ಸಂಗಮೇಶ್ವರ ಎಂದನು. ರೇಶನ್ ಕಾರ್ಡು ಬರೆಸುವಾಗ ಮನೆಯಲ್ಲಿದ್ದ ಮುದುಕಿ ಸಂಗಪ್ಪ ಎಂದಳು. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ‘ಪ’ ಬಿಟ್ಟುಹೋಗಿ ಸಂಗಪ ಆಯಿತು. ಹೊಲದ ಪಾಸ್‌ಪುಸ್ತಕದಲ್ಲಿ ಸಂಗಯ್ಯ. ಯಾರೋ ಒಬ್ಬರು ಸಂಗಮೇಶ ಎಂಬುದನ್ನು ತಪ್ಪಾಗಿ ಕೇಳಿ ಸಂಗ್ರಾಮ ಎಂದು ಬರೆದರೆ ಮುಗಿಯಿತು. ಸಂಗಮ ಎಂದರೆ ಕೂಡುವುದು, ಸಂಗ್ರಾಮ ಎಂದರೆ ಕಾದಾಡುವುದು. ಒಂದೇ ಒತ್ತಕ್ಷರದಲ್ಲಿ ದೇವರು ಹೋಗಿ ಯುದ್ಧ ಬಂತು. (ಸಂಗ್ರಾಮಪ್ಪ ಎಂಬ ಹೆಸರು ಬೀದರ ಸೀಮೆಯಲ್ಲಿ ಬೇರೆಯಾಗಿಯೇ ಇದೆ, ಅವರ ತಕರಾರು ಇಲ್ಲಿಲ್ಲ.) ಹೀಗೆ ಒಬ್ಬ ಮನುಷ್ಯ ಕಾಗದದಲ್ಲಿ ನಾಲ್ವರಾಗುತ್ತಾನೆ. 2018ರಲ್ಲಿ ರೈತುಬಂಧು ಆರಂಭವಾದ ಮೇಲೆ, 2020ರಲ್ಲಿ ಭೂದಾಖಲೆಗಳು ಧರಣಿಗೆ ಸೇರಿದ ಮೇಲೆ, ಹೆಸರು ಹೊಂದುವುದು ಎಷ್ಟು ಮುಖ್ಯವೆಂದು ರೈತರಿಗೆ ತಿಳಿಯಿತು. ಹೊಲದಲ್ಲಿ ತೊಗರಿ ಬೆಳೆದವನೊಬ್ಬ, ಪುಸ್ತಕದಲ್ಲಿ ಇರುವವನೊಬ್ಬ, ಬ್ಯಾಂಕಿನಲ್ಲಿ ಇನ್ನೊಬ್ಬ ಎಂದಾದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ತಂದೆ ತೀರಿಹೋದ ಮೇಲೆ ಮಕ್ಕಳು ವಾರಸಾ ಮಾಡಿಸಲು ಹೋದಾಗ ಸಂಗಪ್ಪ, ಸಂಗಮೇಶ್ವರ ಇಬ್ಬರೂ ಒಬ್ಬರೇ ಎಂದು ಪ್ರಮಾಣಪತ್ರ ಬರೆಸಿ ಅಲೆಯಬೇಕು. ಕರೆಯುವ ಹೆಸರು ಬೇಕಾದಷ್ಟಿರಲಿ, ಬರೆಸುವ ಹೆಸರು ಒಂದೇ ಇರಬೇಕು. ಅದು ಸಂಗಪ್ಪ ಎಂದೇ ಇದ್ದರೂ ಕೊರತೆಯಿಲ್ಲ.

ಈ ಕೊನೆಯ ಮಾತನ್ನು ತರುಣರು ಒಪ್ಪುವುದು ಕಷ್ಟ. ಹೈದರಾಬಾದಿಗೆ ಕೆಲಸಕ್ಕೆ ಹೋದ ಹುಡುಗರಿಗೆ ಸಂಗಪ್ಪ ಎಂಬುದು ಮುದುಕರ ಹೆಸರಾಗಿ ಕಾಣುತ್ತದೆ. ಸಂಗಮೇಶ್ ಎಂದು ತಿದ್ದಿಕೊಳ್ಳುತ್ತಾರೆ, ಇನ್ನೂ ಮುಂದೆ ಹೋಗಿ ಸಂಗಮ್ ಎನ್ನುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ, ಅದೂ ದೇವರ ಹೆಸರೇ. ಆದರೆ ಈ ಮೊಟಕಿಗೂ ಹಿಂದಿನವರ ಮೊಟಕಿಗೂ ಒಂದು ಅಂತರವಿದೆ. ಹಿಂದಿನವರು ಕಡಿದ ಜಾಗದಲ್ಲಿ ಒಂದು ನಂಟನ್ನು ಕಸಿ ಕಟ್ಟಿದರು. ಈಗ ಕಡಿದು ಹಾಗೆಯೇ ಬಿಡುತ್ತಾರೆ. ಸಂಗಮೇಶ್ ಎಂಬವನನ್ನು ಅಪರಿಚಿತನೂ ಹಾಗೆಯೇ ಕರೆಯುತ್ತಾನೆ, ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ಅದರಲ್ಲಿ ಮೇಲುಕೀಳಿಲ್ಲವೆಂಬುದು ಒಂದು ಒಳ್ಳೆಯ ಗುಣ. ಆಳುಮಗನ ಮಗ ಕಾಲೇಜು ಓದಿ ತನ್ನನ್ನು ಸಂಗಮೇಶ್ ಎಂದು ಕರೆದುಕೊಂಡರೆ ಅವನ ಕಾರಣ ಬೇರೆ. ತಂದೆಯನ್ನು ಸಂಗ್ಯಾ ಎಂದ ಊರಿನ ನಾಲಿಗೆಯಿಂದ ಅವನು ತನ್ನ ಹೆಸರನ್ನು ಬಿಡಿಸಿಕೊಂಡಿದ್ದಾನೆ. ಅವನನ್ನು ಯಾರೂ ಹಂಗಿಸಬಾರದು. ಅಪ್ಪ ಎಂಬ ಬಾಲವನ್ನು ಅವನ ತಂದೆಗೆ ಊರು ಕೊಟ್ಟಿದ್ದರೆ ಅವನೂ ಬಹುಶಃ ಇಟ್ಟುಕೊಳ್ಳುತ್ತಿದ್ದನು.

ಜಾತ್ರೆಯ ಸಮಿತಿಗಳು ಮಾಡಬಹುದಾದ ಕೆಲಸವೊಂದು ಇಲ್ಲಿದೆ. ಸ್ಮರಣ ಸಂಚಿಕೆಗಳಲ್ಲಿ, ಗೋಡೆಯ ಶಿಲಾಫಲಕಗಳಲ್ಲಿ ಕಾಣಿಕೆ ಕೊಟ್ಟವರ ಹೆಸರುಗಳು ಶ್ರೀ ಸಹಿತ, ತಂದೆಯ ಹೆಸರು ಸಹಿತ ಅಚ್ಚಾಗುತ್ತವೆ. ಹಲಗೆ ಬಾರಿಸಿದವರು, ದೀವಟಿಗೆ ಹಿಡಿದವರು, ತೇರಿನ ಗಾಲಿಗೆ ಸನ್ನೆಗೋಲು ಕೊಟ್ಟವರು, ದಾಸೋಹದ ಒಲೆಗೆ ಕಟ್ಟಿಗೆ ಒಡೆದವರು ‘ಮತ್ತು ಇತರರು’ ಎಂಬ ಒಂದು ಸಾಲಿನಲ್ಲಿ ಮುಗಿದುಹೋಗುತ್ತಾರೆ. ಅವ‍ರಲ್ಲಿಯೂ ಸಂಗಪ್ಪ, ಬಸಪ್ಪ, ಮಲ್ಲಪ್ಪಂದಿರಿದ್ದಾರೆ. ಅವರ ಹೆಸರುಗಳನ್ನೂ ಕೇಳಿ ಬರೆದುಕೊಳ್ಳಬೇಕು. ಕೇಳಿದಾಗ ಅವರು ಅಭ್ಯಾಸಬಲದಿಂದ ‘ಸಂಗ್ಯಾ ಅಂತಾರ್ರಿ’ ಎಂದೇ ಹೇಳಬಹುದು. ಬರೆಯುವವರು ಸಂಗಪ್ಪ ಎಂದು ಬರೆಯಬೇಕು. ದೇವರ ಮುಂದೆ ಅರ್ಚಕರು ಮಾಡುವುದೂ ಅದನ್ನೇ. ಪೂಜೆಗೆ ನಿಂತವನು ಎಷ್ಟೇ ತಗ್ಗಿ ತನ್ನ ಹೆಸರನ್ನು ಮೊಟಕಾಗಿ ಹೇಳಿದರೂ ಸಂಕಲ್ಪದಲ್ಲಿ ಅದು ‘ಸಂಗಮೇಶ್ವರ ನಾಮಧೇಯಸ್ಯ’ ಎಂದೇ ಏರುತ್ತದೆ.

ಒಂದು ವ್ಯಾವಹಾರಿಕ ವಿಷಯ ಉಳಿದಿದೆ, ತಾಯಂದಿರು ಲಕ್ಷ್ಯ ಕೊಡಬೇಕು. ತೇರಿನ ದಿನ ಮಕ್ಕಳು ಕೈತಪ್ಪುವುದು ಉಂಟು. ಸಿಕ್ಕ ಮಗುವನ್ನು ಮೈಕಿನ ಹತ್ತಿರ ತಂದು ಹೆಸರು ಕೇಳಿದರೆ ‘ಸಂಗು’ ಎನ್ನುತ್ತದೆ. ತಂದೆಯ ಹೆಸರು ಕೇಳಿದರೆ ‘ಅಪ್ಪ’ ಎನ್ನುತ್ತದೆ. ಊರು ಕೇಳಿದರೆ ‘ಮನಿ’ ಎನ್ನುತ್ತದೆ. ಸಂಗು ಎಂಬ ಬಾಲಕ ಸಿಕ್ಕಿದ್ದಾನೆಂದು ಮೈಕಿನಲ್ಲಿ ಕೂಗಿದರೆ ಐದಾರು ಕಡೆಯಿಂದ ತಾಯಂದಿರು ಓಡಿ ಬರುತ್ತಾರೆ. ಇತ್ತ ಕಳೆದುಹೋದ ಮಗನಿಗಾಗಿ ತಂದೆ ‘ಸಂಗಮೇಶ್ವರ, ಎಲ್ಲಿದ್ದರೂ ವೇದಿಕೆಗೆ ಬಾ’ ಎಂದು ಕೂಗಿಸಿದರೆ, ಆ ಹೆಸರು ತನ್ನದೆಂದು ಮಗುವಿಗೆ ಗೊತ್ತೇ ಇರುವುದಿಲ್ಲ. ದೇವರನ್ನು ಕರೆಯುತ್ತಿದ್ದಾರೆಂದು ತಿಳಿದು ಬೆಂಡು ಬತ್ತಾಸಿನ ಅಂಗಡಿಯ ಮುಂದೆಯೇ ನಿಂತಿರುತ್ತದೆ. ಆದುದರಿಂದ ತೇರಿಗೆ ಹೊರಡುವ ಮುನ್ನ ಮಗುವಿಗೆ ಅದರ ಪೂರ್ತಿ ಹೆಸರು, ತಂದೆಯ ಹೆಸರು, ಊರಿನ ಹೆಸರು ಮೂರನ್ನೂ ಬಾಯಿಪಾಠ ಮಾಡಿಸಿ, ಒಂದು ಚೀಟಿಯಲ್ಲಿ ಬರೆದು ಅಂಗಿಯ ಕಿಸೆಯಲ್ಲಿಡಬೇಕು. ಚೀಟಿಯನ್ನು ಕನ್ನಡ, ತೆಲುಗು ಎರಡರಲ್ಲಿಯೂ ಬರೆದರೆ ಅನುಕೂಲ.